ಶೆಬ್ಯಾಂಗ್ ಹಾಕುವ ಸ್ಕ್ರಿಪ್ಟ್: 94 ಸಾಲಿನಿಂದ 17ಕ್ಕೆ

ಉಡುಪಿಯಲ್ಲಿ ಯಕ್ಷಗಾನ ಪ್ರಸಂಗಗಳ 'ನುಡಿ' ತಂತ್ರಾಂಶದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸಲು 43 ಸ್ಕ್ರಿಪ್ಟ್‌ಗಳಿವೆ. ಅವುಗಳ ತಲೆಗೆ ಶೆಬ್ಯಾಂಗ್, ಅಂದರೆ ಯಾವ ಪ್ರೋಗ್ರಾಂ ಅದನ್ನು ಓಡಿಸಬೇಕೆಂದು ಹೇಳುವ #! ಸಾಲು, ಹಾಕುವುದಷ್ಟೇ ಈ ಉಪಕರಣದ ಕೆಲಸ. ಅಷ್ಟಕ್ಕೇ 94 ಸಾಲು ಬೆಳೆದಿತ್ತು. ಈ ವಾರ 17ಕ್ಕೆ ಇಳಿಯಿತು.

ಮೊದಲು ಕಿತ್ತು ಹಾಕಿದ್ದು ಊಹೆಯ ಭಾಗವನ್ನು. ಕಡತದ ಹೆಸರು .ಎಸ್‌ಎಚ್ ಎಂದು ಮುಗಿದರೆ ಹಳೆಯದು /ಬಿನ್/ಎಸ್‌ಎಚ್ ಎಂದು ಬರೆಯುತ್ತಿತ್ತು. ಡೆಬಿಯನ್, ಉಬುಂಟುಗಳಲ್ಲಿ ಆ ಹೆಸರಿನ ಹಿಂದಿರುವುದು ಡ್ಯಾಶ್ ಎಂಬ ಚಿಕ್ಕ ಶೆಲ್. ಇನ್ನೊಂದು ಶೆಲ್ ಆದ ಬ್ಯಾಶ್‌ನ ಅರೇ (ಪಟ್ಟಿ) ಕಂಡರೆ ಅದು ಆವರಣದ ಹತ್ತಿರವೇ ಸಿಂಟ್ಯಾಕ್ಸ್ ಎರರ್ ಕೊಟ್ಟು ನಿಲ್ಲುತ್ತದೆ. ಈಗ ಇಂಟರ್‌ಪ್ರಿಟರ್ (ಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಹೆಸರು ಮೊದಲ ಆರ್ಗ್ಯುಮೆಂಟ್, ಉಳಿದವು ಕಡತಗಳು. ಬರೆಯುವುದು ಯಾವಾಗಲೂ /ಯುಎಸ್‌ಆರ್/ಬಿನ್/ಎನ್ವ್ (ಹೆಸರು ಕೊಟ್ಟರೆ ಪ್ರೋಗ್ರಾಂ ಹುಡುಕಿ ಓಡಿಸುವಂಥದ್ದು) ಮತ್ತು ಆ ಹೆಸರು. 'ಆಕ್ -ಎಫ್' ಥರ ಆಯ್ಕೆ ಸೇರಿದರೆ ಮಾತ್ರ ಎಚ್ಚರ ಬೇಕು: ಲಿನಕ್ಸ್ ಕರ್ನೆಲ್ ಎನ್ವ್ ನಂತರದ್ದೆಲ್ಲವನ್ನೂ ಒಂದೇ ಆರ್ಗ್ಯುಮೆಂಟ್ ಆಗಿ ಕೊಡುವುದರಿಂದ, 'ಆಕ್ -ಎಫ್' ಎಂಬ ಪ್ರೋಗ್ರಾಮೇ ಇಲ್ಲ ಎಂದು ಎನ್ವ್ ಹೇಳುತ್ತದೆ. ಅದಕ್ಕೆ ಎನ್ವ್‌ನ -ಎಸ್ ಬೇಕು, ಅದು ಆ ಸಾಲನ್ನು ತುಂಡು ಮಾಡಿ ಓದುತ್ತದೆ; ಗ್ನೂ ಕೋರ್‌ಯುಟಿಲ್ಸ್ 8.30ರಿಂದ ಅದು ಇದೆ.

ಶೆಬ್ಯಾಂಗ್ ಆಗಲೇ ಇದೆಯೇ ಎಂದು ನೋಡಲು ಗ್ರೆಪ್ ಬೇಡ. ಹೆಡ್‌ನಿಂದ ಮೊದಲ ಎರಡು ಬೈಟ್ ತೆಗೆದರೆ ಸಾಕು. ಕರ್ನೆಲ್ ನೋಡುವುದೂ ಅದನ್ನೇ, ಹೆಕ್ಸ್ ಲೆಕ್ಕದಲ್ಲಿ 23 (#) ಮತ್ತು 21 (!).

ಇಲ್ಲೇ ದೊಡ್ಡ ತೊಂದರೆ ಸಿಕ್ಕಿದ್ದು. ಸ್ಕ್ರಿಪ್ಟ್‌ಗಳ ಕಾಮೆಂಟ್ ಕನ್ನಡದಲ್ಲಿವೆ. ವಿಂಡೋಸ್‌ನ ಹಳೆಯ ನೋಟ್‌ಪ್ಯಾಡ್‌ನಲ್ಲಿ ಅವನ್ನು ಯುಟಿಎಫ್-8 ಎಂದು ಉಳಿಸಿದಾಗ ತಲೆಗೆ ಬಿಓಎಂ (ಬೈಟ್ ಆರ್ಡರ್ ಮಾರ್ಕ್ ಎಂಬ ಗುರುತು) ಕೂತಿದೆ: ಇಎಫ್, ಬಿಬಿ, ಬಿಎಫ್, ಮೂರು ಬೈಟ್. ಎಡಿಟರ್‌ನಲ್ಲಿ ಕಾಣುವುದಿಲ್ಲ. ಉಪಕರಣಕ್ಕೆ #! ಸಿಗದೆ ಇನ್ನೊಂದು ಸಾಲು ಹಾಕುತ್ತದೆ, ಬಿಓಎಂ ಸಮೇತ ಹಳೆಯದು ಎರಡನೇ ಸಾಲಿಗೆ ಜಾರುತ್ತದೆ. ಬ್ಯಾಶ್ ಅದನ್ನು ಕಮಾಂಡ್ ಎಂದುಕೊಳ್ಳುತ್ತದೆ, ಪೈಥಾನ್ ಸಿಂಟ್ಯಾಕ್ಸ್ ಎರರ್ ಎನ್ನುತ್ತದೆ. ಹಾಗಾಗಿ ಮೊದಲು ಬಿಓಎಂ ಕತ್ತರಿಸಿ (ಟೇಲ್, ನಾಲ್ಕನೇ ಬೈಟ್‌ನಿಂದ), ಆಮೇಲೆ ಪರೀಕ್ಷೆ. ವಿಂಡೋಸ್ ಸಾಲಿನ ಕೊನೆಗೆ ಸೇರಿಸುವ ಕ್ಯಾರೇಜ್ ರಿಟರ್ನ್ ಮಾತ್ರ ಮುಟ್ಟುವುದಿಲ್ಲ. ಕಂಡರೆ ಕಡತದ ಹೆಸರು ಹೇಳಿ ಬಿಟ್ಟುಬಿಡುತ್ತದೆ. ಹಿಯರ್‌ಡಾಕ್ (ಸ್ಕ್ರಿಪ್ಟ್‌ನಲ್ಲೇ ಬರೆದ ಪಠ್ಯದ ತುಂಡು) ಒಳಗೆ ಅದು ಬೇಕೆಂದೇ ಇಟ್ಟದ್ದಿರಬಹುದು. ಡಾಸ್‌ಟುಯುನಿಕ್ಸ್ ಓಡಿಸಿ ಅದನ್ನು ತೆಗೆಯುವುದು ಕಡತದವರ ತೀರ್ಮಾನ.

ಬರೆಯುವ ಭಾಗ ಮೂರು ಸಲ ಬದಲಾಯಿತು. ಸೆಡ್‌ನ '1ಐ' (ಒಂದನೇ ಸಾಲಿನ ಮೇಲೆ ಸೇರಿಸು) ಖಾಲಿ ಕಡತಕ್ಕೆ ಏನೂ ಮಾಡುವುದಿಲ್ಲ, ಒಂದನೇ ಸಾಲೇ ಇಲ್ಲವಲ್ಲ. ಎಂಕೆಟೆಂಪ್ ಮಾಡುವ ತಾತ್ಕಾಲಿಕ ಕಡತ 0600 (ಒಡೆಯನಿಗೆ ಓದು, ಬರಹ ಮಾತ್ರ) ಅನುಮತಿಯೊಂದಿಗೆ ಹುಟ್ಟುತ್ತದೆ; ಅದನ್ನು ಮೂಲದ ಜಾಗಕ್ಕೆ ಎಂವಿ (ಸ್ಥಳಾಂತರ) ಮಾಡಿದರೆ ಎಕ್ಸಿಕ್ಯೂಟ್ ಬಿಟ್ ಹೋಗಿ 'ಪರ್ಮಿಶನ್ ಡಿನೈಡ್' ಬರುತ್ತದೆ. ಕ್ಯಾಟ್‌ನಿಂದ ಹಳೆಯ ಕಡತದ ಮೇಲೇ ಸುರಿದರೆ ಅನುಮತಿ ಉಳಿಯುತ್ತದೆ, ಆದರೆ ಶೆಲ್ ಮೊದಲು ಕಡತವನ್ನು ಖಾಲಿ ಮಾಡಿಯೇ ಬರೆಯಲು ತೊಡಗುವುದು. ಆಟಿಯ ಮಳೆಗೆ ಆ ಗಳಿಗೆಯಲ್ಲೇ ಕರೆಂಟ್ ಹೋದರೆ ಸ್ಕ್ರಿಪ್ಟ್ ಹೋಯಿತು.

ಕೊನೆಗೆ ನಿಂತದ್ದು ಇದು: ಅದೇ ಫೋಲ್ಡರ್‌ನಲ್ಲಿ 'ಸಿಪಿ -ಪಿ' ಯಿಂದ ಪ್ರತಿ, ಅನುಮತಿ ಜತೆಗೇ ಬರುತ್ತದೆ, ಆ ಪ್ರತಿಯೊಳಗೆ ಪ್ರಿಂಟ್‌ಎಫ್‌ನಿಂದ ಶೆಬ್ಯಾಂಗ್, ಬೆನ್ನಿಗೆ ಮೂಲ ಕಡತ, ಡಿಸ್ಕ್‌ಗೆ ಬರೆದು ಮುಗಿಸಲು ಸಿಂಕ್, ಆಮೇಲೆ ಎಂವಿ. ಒಂದೇ ಫೈಲ್‌ಸಿಸ್ಟಮ್ ಆದ್ದರಿಂದ ಎಂವಿ ಬರೀ ಹೆಸರು ಬದಲಿಸುತ್ತದೆ, ಅರ್ಧ ಬರೆದ ಕಡತ ಆ ಹೆಸರಿನಲ್ಲಿ ಉಳಿಯುವುದಿಲ್ಲ. /ಟಿಎಂಪಿ ಬೇರೆ ಫೈಲ್‌ಸಿಸ್ಟಮ್ ಆಗಿದ್ದರೆ ಅಲ್ಲಿಂದ ಎಂವಿ ಅಂದರೆ ನಕಲು ಮಾಡಿ ಅಳಿಸುವುದೇ, ಆ ಭರವಸೆ ಇರುವುದಿಲ್ಲ.

ಸಿಮ್‌ಲಿಂಕ್ (ಬೇರೆ ಕಡತದತ್ತ ಬೆರಳು ತೋರುವ ಕಡತ) ಬಾಕಿ ಇದೆ. ಎಂವಿ ಲಿಂಕನ್ನೇ ಅಳಿಸಿ ಅದರ ಜಾಗದಲ್ಲಿ ಮಾಮೂಲಿ ಕಡತ ಇಡುವುದರಿಂದ ಸದ್ಯಕ್ಕೆ ಸಿಮ್‌ಲಿಂಕ್ ಕೊಟ್ಟರೆ ದಾಟಿ ಹೋಗುತ್ತದೆ.