ಕಲ್ಲಿನ ಬೆಕ್ಕುಗಳು

ಬೆಳಗ್ಗೆಯಿಂದ ಎರಡು ಕಲ್ಲಿನ ಬೆಕ್ಕುಗಳು ಕಣ್ಮುಂದೆಯೇ ಇವೆ. ಐರ್ಲೆಂಡಿನ ಲೌತ್ ಕೌಂಟಿಯಲ್ಲಿ ಮೊನಾಸ್ಟರ್‌ಬಾಯ್ಸ್ ಅಂತ ಒಂದು ಹಳ್ಳಿ ಪ್ರದೇಶ. ಹೆಸರಿನ ಅರ್ಥವೇ ಸಂತ ಬುಯಿಥೆಯ ಮಠ. ಆ ಸಂತ ತೀರಿಕೊಂಡದ್ದು 521ರಲ್ಲಿ. ಮಠ ಹೋಗಿ ಎಷ್ಟೋ ಕಾಲವಾಯಿತು, ಜನರ ಬಾಯಲ್ಲಿ ಅದರ ಹೆಸರು ಇನ್ನೂ ಇದೆ.

ಅಲ್ಲಿನ ಸ್ಮಶಾನದಲ್ಲಿ ಸುಮಾರು ಐದೂವರೆ ಮೀಟರ್ ಎತ್ತರದ ಕಲ್ಲಿನ ಶಿಲುಬೆ ನಿಂತಿದೆ. ಮೈತುಂಬ ಬೈಬಲ್ ಕಥೆಗಳ ಕೆತ್ತನೆ. ಬುಡದಲ್ಲಿ ಎರಡು ಬೆಕ್ಕು, ಅಲ್ಲೇ ಐರಿಷ್‌ನಲ್ಲಿ ಒಂದು ಸಾಲು: ಈ ಶಿಲುಬೆ ಮಾಡಿಸಿದ ಮುರೆಡಾಕ್‌ಗಾಗಿ ಪ್ರಾರ್ಥಿಸಿ. ಎಷ್ಟು ಸಣ್ಣ ಕೋರಿಕೆ, ಅಲ್ವಾ?

ಹತ್ತಿರದ ದುಂಡು ಗೋಪುರ 1097ರಲ್ಲಿ ಸುಟ್ಟುಹೋಯಿತು, ಒಳಗಿದ್ದ ಪುಸ್ತಕಗಳ ಸಮೇತ. ಓದಿ ಕರುಳು ಚುರ್ ಎಂದಿತು. ಬೆಕ್ಕುಗಳು ಮಾತ್ರ ಮಳೆಗೆ ಸವೆದರೂ ಸಾವಿರ ವರ್ಷದಿಂದ ಅಲ್ಲೇ ಕೂತಿವೆ.