ಮಡಿಕೇರಿಗೆ ಬರುವುದಾದರೆ ಶುಕ್ರವಾರ ಬನ್ನಿ

ಶನಿವಾರ ಮಧ್ಯಾಹ್ನ ಅಬ್ಬಿ ಫಾಲ್ಸ್, ಸಂಜೆ ರಾಜಾಸೀಟ್, ಭಾನುವಾರ ನಸುಕಿಗೆ ಜೀಪಿನಲ್ಲಿ ಮಾಂದಲಪಟ್ಟಿ, ವಾಪಸಾಗುವಾಗ ದುಬಾರೆ. ಬೆಂಗಳೂರು, ಮೈಸೂರು ಕಡೆಯಿಂದ ಬರುವವರ ಕೊಡಗು ಪ್ರವಾಸ ಬಹುಪಾಲು ಇಷ್ಟೇ. ಆ ಜಾಗಗಳು ಚೆನ್ನಾಗಿಲ್ಲ ಎಂದಲ್ಲ. ಆದರೆ ವಾರಾಂತ್ಯದಲ್ಲಿ ಅರ್ಧ ಹೊತ್ತು ವಾಹನಗಳ ಸಾಲಿನಲ್ಲೇ ಕಳೆದುಹೋಗುತ್ತದೆ, ಮಡಿಕೇರಿ ಎಂಬ ಊರು ಮಾತ್ರ ನೋಡದೇ ಉಳಿದುಬಿಡುತ್ತದೆ. 1681ರಲ್ಲಿ ಕೊಡಗಿನ ಅರಸ ಮುದ್ದುರಾಜ ಕಟ್ಟಿಸಿದ ಈ ಮುದ್ದುರಾಜನ ಕೇರಿಯನ್ನು ನಡೆದೇ ನೋಡಬೇಕು. ಬರುವ ದಿನವನ್ನು ನಿಮ್ಮ ರಜೆಯ ಪಟ್ಟಿ ನೋಡಿ ಗೊತ್ತುಮಾಡುವ ಬದಲು ಊರಿನ ದಿನ ನೋಡಿ ಗೊತ್ತುಮಾಡಿಕೊಳ್ಳಬೇಕು.

ಊರಿನ ದಿನ ಎಂದರೆ ಮೊದಲಿಗೆ ಶುಕ್ರವಾರ. ಅಂದು ಸಂತೆ. ಕೊಡಗಿಗೆ ರೈಲಿಲ್ಲ. ಮೈಸೂರಿನಿಂದ ಸುಮಾರು 120 ಕಿ.ಮೀ. ರಸ್ತೆಯೇ ದಾರಿ. ಗುರುವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ಮಡಿಕೇರಿಯಲ್ಲಿ ಇಳಿಯಬಹುದು. ಕಾರು ತಂದಿದ್ದರೆ ಇಳಿದುಕೊಂಡ ಕಡೆಯೇ ಬಿಟ್ಟುಬಿಡಿ. ಮುಂದೆ ಹೇಳುವ ಮೊದಲ ದಿನದ ಜಾಗಗಳೆಲ್ಲ ಊರೊಳಗೇ ಇವೆ. ರಸ್ತೆಗಳು ಏರು, ಇಳಿಜಾರು, ಮಳೆಗಾಲದಲ್ಲಿ ಪಾಚಿ. ನುಣುಪು ತಳದ ಚಪ್ಪಲಿ ಬೇಡ.

ಬೆಳಿಗ್ಗೆ ಮೊದಲು ಓಂಕಾರೇಶ್ವರ ದೇವಸ್ಥಾನಕ್ಕೆ ಇಳಿಯಿರಿ. 1820ರಲ್ಲಿ ಅರಸ ಲಿಂಗರಾಜೇಂದ್ರ ಕಟ್ಟಿಸಿದ್ದು. ಕಂಬಗಳ ಮಂಟಪವಾಗಲಿ ಗೋಪುರವಾಗಲಿ ಇಲ್ಲಿಲ್ಲ. ನಡುವೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಯಲ್ಲಿ ಮಿನಾರಿನಂಥ ಬುರುಜುಗಳು, ಗುಮ್ಮಟದ ತುದಿಯಲ್ಲಿ ಚಿನ್ನದ ಲೇಪದ ಗುಂಡು, ಅದಕ್ಕೆ ಗಾಳಿಯ ದಿಕ್ಕು ತೋರುವ ಪಟ. ಎದುರಿನ ಕಲ್ಯಾಣಿಯ ನಡುವೆ ಒಂದು ಪುಟ್ಟ ಮಂಟಪ. ಗಾಳಿ ಏಳುವ ಮೊದಲೇ ಹೋದರೆ ಗುಮ್ಮಟ ಇಡಿಯಾಗಿ ನೀರಿನಲ್ಲಿ ಕಾಣುತ್ತದೆ. ಈ ಗುಮ್ಮಟವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಸಂಜೆಗೆ ಬೇಕಾಗುತ್ತದೆ.

ಹತ್ತು ಗಂಟೆಯ ಹೊತ್ತಿಗೆ ಕೋಟೆ. ಮುದ್ದುರಾಜನದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು. ಒಳಗಿನ ಅರಮನೆ ಇವತ್ತಿನ ರೂಪಕ್ಕೆ ಬಂದಿದ್ದು 1812ರಿಂದ 1814ರ ನಡುವೆ, ಲಿಂಗರಾಜೇಂದ್ರನ ಕಾಲದಲ್ಲಿ. ದುರಸ್ತಿ ನಡೆಯುತ್ತಿದ್ದರೆ ಅರಮನೆಯ ಒಳಗೆ ಬಿಡುವುದಿಲ್ಲ. ಬಿಟ್ಟರೆ ಅಂಗಳದಲ್ಲಿರುವ ಕಲ್ಲಿನ ಆಮೆ ನೋಡದೇ ಬರಬೇಡಿ. ಈಶಾನ್ಯ ಮೂಲೆಯಲ್ಲಿ ಗಾರೆಯ ಎರಡು ಆನೆಗಳು, ನಿಜವಾದ ಆನೆಯಷ್ಟೇ ಎತ್ತರ. ದಿನಾ ಬೆಳಿಗ್ಗೆ ಬಂದು ಸಲಾಮು ಮಾಡುತ್ತಿದ್ದ ಆನೆಗಳು ಒಂದು ದಿನ ಬರಲಿಲ್ಲವೆಂದು ರಾಜ ಕೊಲ್ಲಿಸಿದ, ಆಮೇಲೆ ಪಶ್ಚಾತ್ತಾಪದಿಂದ ಇವನ್ನು ಮಾಡಿಸಿದ ಎಂಬ ಕಥೆ ಊರಲ್ಲಿದೆ. ಬ್ರಿಟಿಷರು ಕಟ್ಟಿದ ಹಳೆಯ ಚರ್ಚಿನಲ್ಲಿ ಈಗ ಸರ್ಕಾರಿ ವಸ್ತುಸಂಗ್ರಹಾಲಯವಿದೆ, ಸೋಮವಾರ ರಜೆ. ಇದೇ ಕೋಟೆಯಲ್ಲಿ 1837ರ ಅಕ್ಟೋಬರ್ 31ರಂದು ತಮ್ಮ ವಿರುದ್ಧ ದಂಗೆ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಬ್ರಿಟಿಷರು ಗಲ್ಲಿಗೇರಿಸಿದರು. ಊರಿನಲ್ಲಿ ಅವರ ಪ್ರತಿಮೆಯಿದೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿ ತಾವೂ ಮರಳದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಪ್ರತಿಮೆಯೂ ಇದೆ. ಮಡಿಕೇರಿಯ ವೃತ್ತಗಳಲ್ಲಿ ಒಂದೊಂದು ನಿಮಿಷ ನಿಂತು ಫಲಕ ಓದಿದರೆ ಈ ಪುಟ್ಟ ಜಿಲ್ಲೆ ಸೈನ್ಯಕ್ಕೆ ಏನು ಕೊಟ್ಟಿದೆ ಎಂದು ತಿಳಿಯುತ್ತದೆ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಿಂದ ಮ್ಯೂಸಿಯಂ ಆಗಿದೆ. ಅದಕ್ಕೊಂದು ಗಂಟೆ ಪ್ರತ್ಯೇಕ ಇಟ್ಟುಕೊಳ್ಳಿ.

ಅಲ್ಲಿಂದ ಸಂತೆ. ಪ್ರವಾಸಿಗರು ಮಸಾಲೆ, ಜೇನು ಕೊಳ್ಳುವುದು ಹೆಚ್ಚಾಗಿ ಹೆದ್ದಾರಿ ಬದಿಯ ಬಣ್ಣದ ಬೋರ್ಡಿನ ಅಂಗಡಿಗಳಲ್ಲಿ. ಸಂತೆಯಲ್ಲಿ ಕೊಂಡರೂ ಪರೀಕ್ಷೆ ಮಾಡಿಯೇ ಕೊಳ್ಳಬೇಕು, ಅದಕ್ಕೆ ಸಂಕೋಚ ಬೇಡ. ಕರಿಮೆಣಸಿಗೆ ಒಂದು ಲೋಟ ನೀರು ಸಾಕು. ತುಂಬಿದ ಕಾಳು ತಳ ಸೇರುತ್ತದೆ, ಜೊಳ್ಳು ತೇಲುತ್ತದೆ. ಕಲಬೆರಕೆ ಮಾಡುವವರು ಹಾಕುವ ಪಪ್ಪಾಯಿ ಬೀಜವೂ ತೇಲುತ್ತದೆ. ಅದು ಮೆಣಸಿನಂತೆ ಗುಂಡಗಿರದೆ ಮೊಟ್ಟೆಯಾಕಾರದಲ್ಲಿರುತ್ತದೆ, ಕಚ್ಚಿದರೆ ಖಾರವಿಲ್ಲ. ಏಲಕ್ಕಿಯ ಕಾಯಿ ಬಿರಿದಿರಬಾರದು. ಒಂದನ್ನು ಸುಲಿದು ನೋಡಿ, ಬೀಜ ಕಪ್ಪಗಿದ್ದು ಬೆರಳಿಗೆ ತುಸು ಅಂಟಬೇಕು. ಸಿಪ್ಪೆಯ ಹಸಿರು ಕಣ್ಣಿಗೆ ಹೊಡೆಯುವಂತಿದ್ದರೆ ಒದ್ದೆ ಬಿಳಿ ಕರವಸ್ತ್ರದಲ್ಲಿ ಉಜ್ಜಿ, ಬಣ್ಣ ಹತ್ತಿದರೆ ಬಿಟ್ಟುಬಿಡಿ. ಕಾಫಿಪುಡಿಯಲ್ಲಿ ಚಿಕೋರಿ ಎಷ್ಟು ಶೇಕಡಾ ಎಂದು ಪೊಟ್ಟಣದ ಮೇಲೆ ಬರೆದಿರಬೇಕು. ಬಿಡಿಯಾಗಿ ಕೊಂಡರೆ ತಣ್ಣೀರಿನ ಮೇಲೆ ಚಿಟಿಕೆ ಉದುರಿಸಿ: ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ಮುಳುಗುತ್ತದೆ.

ಕಿತ್ತಳೆಯಲ್ಲಿ ಮೋಸ ಹೋಗುವವರೇ ಹೆಚ್ಚು. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಬಣ್ಣ ಹಳದಿ ಬೆರೆತ ಹಸಿರು, ಮೈ ಒಂದೇ ಸಮನಾಗಿರುವುದಿಲ್ಲ. ರಸ್ತೆ ಬದಿಯಲ್ಲಿ ಸಾಲಾಗಿ ಹೊಳೆಯುವ ಕೇಸರಿ ಹಣ್ಣು ಹೆಚ್ಚಾಗಿ ನಾಗಪುರದ್ದು. ಗ್ರೀನಿಂಗ್ ರೋಗ ಬಂದಮೇಲೆ ನಮ್ಮ ತೋಟಗಳಲ್ಲಿ ಕಿತ್ತಳೆ ಮರಗಳು ತುಂಬ ಕಡಿಮೆಯಾದವು. ಹಾಗಾಗಿ ನವೆಂಬರಿನಿಂದ ಜನವರಿವರೆಗೆ ಯಾರಾದರೂ ಬುಟ್ಟಿಯಲ್ಲಿ ಮಾಸಲು ಬಣ್ಣದ ಹಣ್ಣು ಇಟ್ಟುಕೊಂಡು ಕೂತಿದ್ದರೆ ಅವರ ಹತ್ತಿರವೇ ಹೋಗಿ.

ಇನ್ನು ಕಾಚಂಪುಳಿ. ಪಣಂಪುಳಿ ಹಣ್ಣಿನ ರಸವನ್ನು ಕಪ್ಪಗಾಗುವ ತನಕ ಕುದಿಸಿ ಇಳಿಸಿದ ಹುಳಿ ಇದು, ಬಾಟಲಿ ಓರೆ ಮಾಡಿದರೆ ಬೆಲ್ಲದ ಪಾಕದಂತೆ ನಿಧಾನ ಹರಿಯಬೇಕು. ನೀರಿನಂತೆ ಓಡಿದರೆ ತೆಳು ಮಾಡಿದ್ದಾರೆ ಎಂದು ಲೆಕ್ಕ. ಒಂದು ಕೆ.ಜಿ. ಪಂದಿ ಕರಿಗೆ (ಹಂದಿ ಮಾಂಸದ ಅಡುಗೆ) ಒಂದರಿಂದ ಎರಡು ಟೀ ಚಮಚ ಸಾಕು, ಅದೂ ಮಾಂಸ ಬೆಂದು ಇಳಿಸುವ ಹೊತ್ತಿಗೆ. ಮೊದಲೇ ಸುರಿದು ಹುಳಿ ಹೆಚ್ಚಾಗಿ ಅಡುಗೆ ಕೆಟ್ಟಿತು ಎನ್ನುವವರು ಬಹಳ. ಗಾಜಿನ ಬಾಟಲಿಯಲ್ಲಿಡಿ, ಲೋಹದ ಡಬ್ಬಿಯಲ್ಲಿ ಬೇಡ. ಗಾಜಿನಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

ಸಂಜೆ ಎಲ್ಲರೂ ರಾಜಾಸೀಟಿಗೆ ಹೊರಟಾಗ ನೀವು ಮಹದೇವಪೇಟೆ ದಾಟಿ ಗದ್ದಿಗೆಗೆ ಹೋಗಿ. ಕೊಡಗಿನ ಅರಸರ ಸಮಾಧಿಗಳು. ಒಂದೇ ಅಳತೆಯಂತೆ ಕಾಣುವ ಎರಡು ದೊಡ್ಡ ಗುಮ್ಮಟಗಳಲ್ಲಿ ಒಂದು 1809ರಲ್ಲಿ ತೀರಿಕೊಂಡ ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯದು, ಇನ್ನೊಂದು ಲಿಂಗರಾಜೇಂದ್ರನದು. ಸಣ್ಣದು ರಾಜಗುರು ರುದ್ರಪ್ಪನದು. ಬೆಳಿಗ್ಗೆ ಓಂಕಾರೇಶ್ವರದಲ್ಲಿ ನೋಡಿದ ಗುಮ್ಮಟವೇ ಇಲ್ಲಿ ಮತ್ತೆ ಎದುರಾಗುತ್ತದೆ. ದೂರದಿಂದ ದರ್ಗಾ ಎಂದುಕೊಂಡು ಹತ್ತಿರ ಬಂದರೆ ಮೂಲೆಗಳಲ್ಲಿ ನಂದಿ ಕೂತಿರುತ್ತದೆ, ಒಳಗಿರುವುದು ಶಿವಲಿಂಗ. ಲಿಂಗಾಯತ ಅರಸರು ದೇವರಿಗೂ ತಮಗೂ ಒಂದೇ ಬಗೆಯ ಮನೆ ಕಟ್ಟಿಸಿಕೊಂಡರು ಎನ್ನುವುದು ಎರಡನ್ನೂ ಒಂದೇ ದಿನ ನೋಡಿದರಷ್ಟೇ ಹೊಳೆಯುತ್ತದೆ. ಟಿಪ್ಪುವಿನ ವಿರುದ್ಧ ಕಾದಾಡಿದ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳೂ ಪಕ್ಕದಲ್ಲೇ ಇವೆ. ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಗದ್ದಿಗೆ ಮಾತ್ರ ಇಲ್ಲಿಲ್ಲ. 1834ರಲ್ಲಿ ರಾಜ್ಯ ಕಳೆದುಕೊಂಡ ಅವನು ಸತ್ತದ್ದು ಲಂಡನ್ನಿನಲ್ಲಿ, 1859ರಲ್ಲಿ.

ಎರಡನೆಯ ದಿನ ಏನು ಎನ್ನುವುದು ತಿಂಗಳ ಮೇಲೆ. ಫೆಬ್ರುವರಿ ಕೊನೆಯಿಂದ ಏಪ್ರಿಲ್ ಒಳಗಾದರೆ ಕಾಫಿ ಹೂ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡ ಒಮ್ಮೆಲೇ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಘಮ ರಸ್ತೆಗೂ ಬರುತ್ತದೆ. ಎರಡು ಮೂರು ದಿನಕ್ಕೆ ಹೂ ಕಂದಿಹೋಗುತ್ತದೆ. ಇಷ್ಟು ಸಣ್ಣ ಅವಧಿಗೆ ಹೇಗೆ ಹೊಂದಿಸಿಕೊಳ್ಳುವುದು ಎಂದರೆ, ರೊಬಸ್ಟಾ ಬೆಳೆಯುವವರು ಈಗ ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಒಂದೊಂದು ತೋಟ ಒಂದೊಂದು ವಾರ ಅರಳುವುದರಿಂದ ಹುಡುಕಿದರೆ ಎಲ್ಲಾದರೂ ಸಿಗುತ್ತದೆ. ಮಡಿಕೇರಿಯಿಂದ ಚೆಟ್ಟಳ್ಳಿ, ಸಿದ್ದಾಪುರದ ರಸ್ತೆ ಇದಕ್ಕೆ ಒಳ್ಳೆಯದು. ಬೇಲಿ ದಾಟಬೇಡಿ, ಗೇಟಿನಲ್ಲಿ ರೈಟರನ್ನು (ತೋಟದ ಗುಮಾಸ್ತ) ಕೇಳಿ. ಕೊಂಬೆ ಅಲುಗಿಸಿ ಫೋಟೋ ತೆಗೆಯುವುದು ಬೇಡ, ಉದುರುವ ಒಂದೊಂದು ಹೂವೂ ಮುಂದಿನ ವರ್ಷದ ಕಾಫಿ. ರೊಬಸ್ಟಾದಲ್ಲಿ ಪರಾಗಸ್ಪರ್ಶಕ್ಕೆ ಜೇನುನೊಣ ಬೇಕು, ಆದ್ದರಿಂದ ತೋಟವಿಡೀ ಗುಂಯ್‌ಗುಡುತ್ತಿರುತ್ತದೆ. ಗಾಢ ಸೆಂಟು ಹಾಕಿಕೊಂಡು ಹೋಗಬೇಡಿ. ಸಿದ್ದಾಪುರದ ಕಡೆ ತೋಟಗಳೊಳಗೆ ಕಾಡಾನೆ ಇರುತ್ತವೆ. ಬಿಸಿಲು ಏರುವ ಮೊದಲು, ಸಂಜೆ ಐದರ ನಂತರ ಅಲ್ಲಿ ನಡೆದು ಹೋಗುವುದು ಖಂಡಿತ ಬೇಡ.

ಏಪ್ರಿಲ್, ಮೇ ತಿಂಗಳಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದದ್ದು 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಮುಟ್ಟಿತು. ಪ್ರತಿ ವರ್ಷ ಬೇರೆ ಕುಟುಂಬ ನಡೆಸುತ್ತದೆ, ಜಾಗ ವಿಚಾರಿಸಿಕೊಂಡು ಬನ್ನಿ. ಅಪ್ಪ, ಮಗಳು, ಸೊಸೆ ಒಂದೇ ತಂಡದಲ್ಲಿ ಆಡುವುದನ್ನು ಬೇರೆಲ್ಲೂ ನೋಡಲು ಸಿಗದು. ಮೊದಲ ವಾರಗಳ ಪಂದ್ಯಗಳೇ ಫೈನಲ್‌ಗಿಂತ ಚೆಂದ.

ದಸರೆಯಾದರೆ ವಿಜಯದಶಮಿಯ ರಾತ್ರಿ. ಮೈಸೂರಿನಲ್ಲಿ ಮಧ್ಯಾಹ್ನ ಜಂಬೂಸವಾರಿ ನೋಡಿಯೂ ಮಡಿಕೇರಿಗೆ ಸಮಯಕ್ಕೆ ತಲುಪಬಹುದು, ಏಕೆಂದರೆ ಇಲ್ಲಿ ಹತ್ತು ದೇವಸ್ಥಾನಗಳ ಮಂಟಪಗಳು (ಮೆರವಣಿಗೆಯ ಅಲಂಕೃತ ವಾಹನಗಳು) ಹೊರಡುವುದೇ ರಾತ್ರಿ, ಮುಗಿಯುವುದು ಬೆಳಗಿಗೆ. ಒಂದೊಂದು ಮಂಟಪದಲ್ಲೂ ಒಂದೊಂದು ಪುರಾಣ ಕಥೆ, ಚಲಿಸುವ ದೊಡ್ಡ ಮೂರ್ತಿಗಳು. ಮಂಟಪಗಳ ಹಿಂದೆ ಓಡಬೇಡಿ, ಜನಜಂಗುಳಿಯಲ್ಲಿ ಒಂದೂ ಸರಿಯಾಗಿ ಕಾಣುವುದಿಲ್ಲ. ಪ್ರದರ್ಶನ ನಡೆಯುವ ಒಂದು ಜಾಗ ಕೇಳಿಕೊಂಡು ಅಲ್ಲೇ ನಿಲ್ಲಿ, ಹತ್ತೂ ನಿಮ್ಮ ಮುಂದೆಯೇ ಬರುತ್ತವೆ. ಸ್ವೆಟರ್ ಇರಲಿ, ಮಕ್ಕಳ ಕಿವಿಗೆ ಹತ್ತಿ ಇರಲಿ, ಶಬ್ದ ಬಹಳ. ಗದ್ದಲ ಬೇಡವೆನ್ನುವವರು ನವರಾತ್ರಿಯ ಮೊದಲ ದಿನ ಬಂದು ಪಂಪಿನಕೆರೆಯಿಂದ ನಾಲ್ಕು ಶಕ್ತಿದೇವತೆಗಳ ಕರಗ ಹೊರಡುವುದನ್ನು ನೋಡಲಿ. ನಮ್ಮ ಮಟ್ಟಿಗೆ ದಸರೆಯಲ್ಲಿ ನಿಜವಾಗಿ ನೋಡಬೇಕಾದದ್ದು ಅದು.

ಮಳೆಗಾಲದಲ್ಲಿ ಬರಬೇಡಿ ಎಂದು ಹೇಳುವುದು ವಾಡಿಕೆ. ಭಾರಿ ಮಳೆಯ ಎಚ್ಚರಿಕೆ ಇದ್ದಾಗ ಖಂಡಿತ ಬೇಡ; 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಎಚ್ಚರಿಕೆ ಇಲ್ಲದಿದ್ದರೆ ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ ಪದಿನೆಟ್ಟ್ ನೋಡಿಕೊಂಡು ಬನ್ನಿ. ಕೊಡವರ ಕಕ್ಕಡ ಮಾಸದ ಹದಿನೆಂಟನೇ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬ ನಂಬಿಕೆ. ಹಿಂದಿನ ದಿನವೇ ಪೇಟೆಯಲ್ಲಿ ಕಟ್ಟು ಕಟ್ಟಾಗಿ ಮಾರಾಟಕ್ಕೆ ಬರುತ್ತದೆ. ದಂಟಿನ ಸಮೇತ ತೊಳೆದು, ಮುಳುಗುವಷ್ಟು ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಸೊಪ್ಪು ಎಸೆದು, ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಕರಗಿಸಿ, ಕಡೆಗೆ ತೆಂಗಿನ ಹಾಲು ಹಾಕಿ ಒಂದು ಕುದಿ ಬರುವ ಮೊದಲೇ ಇಳಿಸಬೇಕು, ತಡವಾದರೆ ಹಾಲು ಒಡೆಯುತ್ತದೆ. ಬಟ್ಟೆಗೆ ತಾಗಿದರೆ ಕಲೆ ಹೋಗುವುದು ಕಷ್ಟ. ಇಳಿದುಕೊಂಡದ್ದು ಹೋಮ್‌ಸ್ಟೇ ಆದರೆ ಮೊದಲೇ ಕೇಳಿಕೊಳ್ಳಿ, ಮನೆಯವರು ತಮಗೆ ಹೇಗೂ ಮಾಡುತ್ತಾರೆ. ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ಅದು ಸೊಪ್ಪಿನ ಬಣ್ಣ, ಗಾಬರಿಯಾಗಿ ಆಸ್ಪತ್ರೆಗೆ ಓಡಬೇಡಿ.