ಅಲ್ಲಿ ಬ್ಯಾಂಕೂ ನಿಮ್ದೇ ಐತಲ್ರಿ

ಸೋಮವಾರದಿಂದ ಆ ಹುಡುಗನ ಮಾತು ತಲೆಯಿಂದ ಇಳಿಯುತ್ತಿಲ್ಲ.

ಪಾಸ್‌ಬುಕ್ ಎಂಟ್ರಿ ಮಾಡಿಸಲು ಹುಬ್ಬಳ್ಳಿ ವಿದ್ಯಾನಗರದ ಒಂದು ಬ್ಯಾಂಕಿಗೆ ಹೋಗಿದ್ದೆ. ಪಾಳಿಯಲ್ಲಿ ನನ್ನ ಮುಂದಿದ್ದವನು ನಮ್ಮ ಓಣಿ ತುದಿಯ ಗೋಬಿ ಮಂಚೂರಿ ಗಾಡಿಯಲ್ಲಿ ಕೆಲಸ ಮಾಡುವ ನೇಪಾಳಿ ಹುಡುಗ. ಅಛಾಮ್ ಜಿಲ್ಲೆಯವನು. ಕನ್ನಡ ನನ್ನ ಮೊಮ್ಮಗನಿಗಿಂತ ಚಲೋ ಮಾತಾಡುತ್ತಾನೆ. ಲ್ಯಾಮಿನೇಷನ್ ಮಾಡಿಸಿದ ನಾಗರಿಕತಾ ಪತ್ರ, ಮಂಚೂರಿ ಎಣ್ಣೆಯ ವಾಸನೆ ಹೊಡೆಯುವ ನೋಟಿನ ಕಟ್ಟು, ಎರಡನ್ನೂ ಕೌಂಟರ್ ಮೇಲಿಟ್ಟು ಊರಿಗೆ ರೊಕ್ಕ ಕಳಿಸಬೇಕು ಅಂದ.

"ನೇಪಾಳಕ್ಕೆಲ್ಲಾ ಇಲ್ಲಿಂದ ಹೋಗಂಗಿಲ್ಲಪಾ. ಅದು ಫಾರಿನ್. ಬೆಂಗಳೂರಾಗ ಕೇಳಬೇಕು." ಕ್ಲರ್ಕ್ ತಲೆ ಎತ್ತಲಿಲ್ಲ.

"ಅಪ್ಪನ ಅಕೌಂಟ್ ನೇಪಾಳ ಎಸ್‌ಬಿಐನಾಗ ಐತ್ರಿ. ಸರ್, ಅಲ್ಲಿ ಬ್ಯಾಂಕೂ ನಿಮ್ದೇ ಐತಲ್ರಿ."

"ಅದು ಬ್ಯಾರೆ ಬ್ಯಾಂಕು, ನಮ್ದು ಬ್ಯಾರೆ."

ಹುಡುಗ 'ನಿಮ್ದು' ಅಂದದ್ದು ಆ ಶಾಖೆಗಲ್ಲ, ಇಡೀ ಭಾರತಕ್ಕೆ. ತಪ್ಪೇನಿದೆ? ಸ್ಟೇಟ್ ಬ್ಯಾಂಕು 1993ರಿಂದ ಅಲ್ಲಿದೆ. ಅಲ್ಲಿನ ಎವರೆಸ್ಟ್ ಬ್ಯಾಂಕಿನಲ್ಲಿ ನಮ್ಮ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪಾಲಿದೆ. ಡಾಬರ್‌ನವರು ಅಲ್ಲೇ ಫ್ಯಾಕ್ಟರಿ ಹಾಕಿ ಹಣ್ಣಿನ ರಸ ಮಾಡುತ್ತಾರೆ. ನೇಪಾಳದವರೂ ಸುಮ್ಮನೆ ಕೂತಿಲ್ಲ, ಅವರ ವಾಯ್ ವಾಯ್ ನೂಡಲ್ಸ್‌ನವರು ನಮ್ಮ ಸಿಕ್ಕಿಂನಲ್ಲಿ ಕಾರ್ಖಾನೆ ನಡೆಸುತ್ತಾರೆ. ಇಷ್ಟೆಲ್ಲ ಗಡಿ ದಾಟಿ ಓಡಾಡುವಾಗ ಗೋಬಿ ಗಾಡಿಯವನ ದುಡಿಮೆ ಮಾತ್ರ ಫಾರಿನ್!

ನಾನೂ ಜೀವಮಾನವಿಡೀ ಬ್ಯಾಂಕಿನಲ್ಲಿ ದುಡಿದವನು, ಬಾಯಿ ಸುಮ್ಮನಿರಲಿಲ್ಲ. ಭಾರತ-ನೇಪಾಳ ಹಣ ರವಾನೆ ಯೋಜನೆಯನ್ನು ರಿಸರ್ವ್ ಬ್ಯಾಂಕ್ 2008ರಲ್ಲೇ ತಂದಿದೆ. ನೆಫ್ಟ್ (ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹಣ ಕಳಿಸುವ ಸೌಲಭ್ಯ) ಇರುವ ಯಾವ ಶಾಖೆಯಿಂದಲಾದರೂ ಕಳಿಸಬಹುದು; ಹಣ ಸ್ಟೇಟ್ ಬ್ಯಾಂಕಿನ ಮೂಲಕ ನೇಪಾಳ ಎಸ್‌ಬಿಐ ಸೇರುತ್ತದೆ. 2021ರಲ್ಲಿ ಮಿತಿಯನ್ನು 50,000ದಿಂದ 2 ಲಕ್ಷಕ್ಕೆ ಏರಿಸಿದರು. ಖಾತೆ ಇಲ್ಲದವನು ನಗದು ಕಟ್ಟಿದರೂ 50,000ದವರೆಗೆ ನಡೆಯುತ್ತದೆ. ನಮ್ಮ 100 ರೂಪಾಯಿಗೆ ಅವರ 160 ಎಂಬ ದರ 1993ರಿಂದ ಅಲ್ಲಾಡಿಲ್ಲ, ಡಾಲರ್ ಹಾಗೆ ದಿನಾ ಲೆಕ್ಕ ಹಾಕುವ ತಲೆನೋವೂ ಇಲ್ಲ. ಇಷ್ಟೂ ಹೇಳಿದೆ.

"ಇರಬಹುದ್ರೀ ಸರ್. ಇಲ್ಲಿ ಯಾರೂ ಕೇಳಿಲ್ಲ."

ಯಾರೂ ಕೇಳಿಲ್ಲವಂತೆ. ಊರ ತುಂಬ ನೇಪಾಳಿಗಳು. ರಾತ್ರಿ ಸೀಟಿ ಊದುವ ಗೂರ್ಖಾ, ಹೋಟೆಲ್ ಅಡುಗೆಮನೆ, ಮೋಮೋ ಗಾಡಿ. ಕೇಳಿದವರಿಗೆಲ್ಲ ಇದೇ ಉತ್ತರ ಸಿಕ್ಕಿರಬೇಕು, ಮುಂದಿನವರು ಕೇಳುವುದನ್ನೇ ಬಿಟ್ಟಿರಬೇಕು. ಕ್ಲರ್ಕ್ ಕೆಟ್ಟವನಲ್ಲ. ಅದೇ ಮಾತಿನ ನಡುವೆ ಹುಡುಗನಿಗೆ "ಇನ್ಶೂರೆನ್ಸ್ ಮಾಡಿಸ್ತಿಯೇನು?" ಎಂದೂ ಕೇಳಿದ. ಅದರ ಟಾರ್ಗೆಟ್ ಮೇಲಿಂದ ಬರುತ್ತದೆ, ನೇಪಾಳದ್ದು ಬರುವುದಿಲ್ಲ.

ಹೋದ ವರ್ಷ ನಮ್ಮ ಓಣಿಯ ದಂಪತಿ ಪಶುಪತಿನಾಥನ ದರ್ಶನಕ್ಕೆ ಹೋಗಿದ್ದರು. ಅಲ್ಲಿನ ಅಂಗಡಿಯಲ್ಲಿ ಫೋನ್ ತೋರಿಸಿಯೇ ರುದ್ರಾಕ್ಷಿ ಕೊಂಡೆವು ಎಂದು ಹೇಳಿದ್ದೇ ಹೇಳಿದ್ದು. 2024ರ ಮಾರ್ಚ್‌ನಿಂದ ನಮ್ಮ ಯುಪಿಐ ಅಲ್ಲಿ ನಡೆಯುತ್ತದೆ. ಖರ್ಚು ಮಾಡಲು ಹೋಗುವವನಿಗೆ ಕ್ಷಣದಲ್ಲಿ ದಾರಿ, ದುಡಿದು ಕಳಿಸುವವನಿಗೆ ಬೆಂಗಳೂರಿನ ದಾರಿ. ಹೊರದೇಶದಲ್ಲಿ ಶಾಖೆ ತೆರೆದು ರಿಬ್ಬನ್ ಕತ್ತರಿಸುವ ಫೋಟೋಗಳನ್ನು ನನ್ನ ಸರ್ವಿಸಿನಲ್ಲಿ ಬಹಳ ನೋಡಿದ್ದೇನೆ. ಆ ಶಾಖೆಗೆ ರೊಕ್ಕ ಕಳಿಸುವುದು ಹೇಗೆಂದು ಕೌಂಟರಿನವನಿಗೆ ಕಲಿಸುವ ಫೋಟೋ ಒಂದನ್ನೂ ಕಂಡಿಲ್ಲ.

ಅವತ್ತು ಕ್ಲರ್ಕನ್ನು ಬಿಟ್ಟು ಮ್ಯಾನೇಜರ್ ಹತ್ತಿರ ಹೋದೆ. ಹೊಸ ಹುಡುಗಿ, ಚುರುಕು. ಕಂಪ್ಯೂಟರಿನಲ್ಲಿ ಹುಡುಕಿ, ಹುಬ್ಬೇರಿಸಿ, "ಖರೇನ ಐತ್ರಿ ಸರ್. ನಾಳೆ ಬರ್ಲಿ, ಮಾಡಿಕೊಡ್ತೀವಿ" ಅಂದಳು.

ಹೊರಬಂದು ನೋಡಿದರೆ ಹುಡುಗ ಆಗಲೇ ಸೈಕಲ್ ಹತ್ತಿದ್ದ. ಕೂಗಿ ಹೇಳಿದೆ.

"ನಮ್ಮ ಮಾಮಾ ಗುರುವಾರ ಊರಿಗೆ ಹೊಂಟಾನ್ರಿ. ಈ ಸಲ ಅವನ ಕೈಯಾಗ ಕೊಡ್ತೀನಿ, ಮುಂದಿನ ಸಲ ನೋಡೂಣ್ರಿ" ಅಂದ.